ಕ್ಯಾಂಪಸ್ ನೆಟ್‌ವರ್ಕ್ ಹಾಕುವುದು, ಕಾಯುವುದು: ರಾಯಚೂರು ಸೀಮೆಯ ವಿಶ್ವವಿದ್ಯಾಲಯಗಳಿಗೆ ಸಮಗ್ರ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ವಿಶ್ವವಿದ್ಯಾಲಯಗಳು ಇನ್ನೂ ಬೆಳೆಯುವ ಹಂತದಲ್ಲಿವೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಗಿದ್ದು 2010ರಲ್ಲಿ. ರಾಯಚೂರು ಐಐಐಟಿ 2019ರಲ್ಲಿ ಆರಂಭವಾಯಿತು. ರಾಯಚೂರು ವಿಶ್ವವಿದ್ಯಾಲಯ ಮತ್ತು ಕೊಪ್ಪಳ ವಿಶ್ವವಿದ್ಯಾಲಯ ಅದಕ್ಕಿಂತಲೂ ಹೊಸವು. ಇಂಥ ಕ್ಯಾಂಪಸ್‌ಗಳಲ್ಲಿ ಅನುದಾನ ಬಂದಂತೆ ಒಂದೊಂದೇ ಕಟ್ಟಡ ಏಳುತ್ತದೆ. ಪ್ರತಿ ಕಟ್ಟಡದ ಜೊತೆ ಒಂದು ಸ್ವಿಚ್ (ಹಲವು ಸಾಧನಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ), ಒಂದು ಕೇಬಲ್, ಒಬ್ಬ ಬೇರೆ ಗುತ್ತಿಗೆದಾರ ಬರುತ್ತಾರೆ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಯಾವ ತಂತಿ ಎಲ್ಲಿಗೆ ಹೋಗಿದೆ ಅಂತ ಹೇಳುವವರೇ ಇರುವುದಿಲ್ಲ.

ಸುರಕ್ಷತೆ ಕೆಡುವುದು ಅಲ್ಲಿಂದಲೇ. ಜಾಲದಲ್ಲಿ ಯಾವುದು ಎಲ್ಲಿಗೆ ಹೋಗಬಹುದು ಅಂತ ತಡೆದು ನೋಡುವ ದುಬಾರಿ ಫೈರ್‌ವಾಲ್ ತಂದಿಟ್ಟರೂ, ಅದನ್ನು ದಾಟಿ ಹೋಗುವ ಒಂದು ಹಳೆಯ ತಂತಿ ಎಲ್ಲೋ ಇದ್ದರೆ ಆ ಹಣ ವ್ಯರ್ಥ. ಅದಕ್ಕೇ ಈ ಬರಹದಲ್ಲಿ ಹಾಕುವ ಕೆಲಸ ಮತ್ತು ಕಾಯುವ ಕೆಲಸ ಎರಡನ್ನೂ ಒಟ್ಟಿಗೇ ಇಟ್ಟಿದ್ದೇನೆ. ಹೊಸದಾಗಿ ಹಾಕುವವರು ಮೊದಲ ಹಂತದಿಂದ ಬನ್ನಿ. ಇರುವುದನ್ನು ಸರಿಪಡಿಸುವವರೂ ಮೊದಲ ಹಂತವನ್ನು ಬಿಡಬೇಡಿ.

ಹಂತ 1: ಎಣಿಸಿ, ನಕ್ಷೆ ಬರೆಯಿರಿ

ಎಂಜಿನಿಯರಿಂಗ್ ವಿಭಾಗದಿಂದ ಕ್ಯಾಂಪಸ್‌ನ ಲೇಔಟ್ ಪ್ಲಾನ್ ತೆಗೆದುಕೊಳ್ಳಿ. ಪ್ರತಿ ಕಟ್ಟಡಕ್ಕೂ ನಡೆದುಹೋಗಿ. ಎಷ್ಟು ಕೋಣೆ, ಎಷ್ಟು ಕಂಪ್ಯೂಟರ್, ಎಷ್ಟು ಸಿಸಿಟಿವಿ, ಸ್ವಿಚ್‌ಗಳನ್ನು ಇಡುವ ರ‍್ಯಾಕ್ ಎಲ್ಲಿದೆ, ವಿದ್ಯುತ್ ಎಲ್ಲಿಂದ ಬರುತ್ತದೆ, ಎಲ್ಲವನ್ನೂ ಬರೆದುಕೊಳ್ಳಿ. ಈಗಾಗಲೇ ಇರುವ ತಂತಿಯ ಎರಡೂ ತುದಿಗೆ ಒಂದೇ ಸಂಖ್ಯೆಯ ಲೇಬಲ್ ಅಂಟಿಸಿ. ತುದಿ ಸಿಗದ ತಂತಿಗೂ ಒಂದು ಸಂಖ್ಯೆ ಕೊಟ್ಟು, ತುದಿ ಸಿಕ್ಕಿಲ್ಲ ಅಂತ ಬರೆದಿಡಿ.

ಆಮೇಲೆ ಜನರ ಲೆಕ್ಕ. ಎರಡು ಹಾಸ್ಟೆಲ್ ಸೇರಿ 600 ವಿದ್ಯಾರ್ಥಿಗಳು ಇದ್ದಾರೆ ಅಂದುಕೊಳ್ಳಿ. ತಲೆಗೆ ಎರಡು ಸಾಧನ ಹಿಡಿದರೆ 1200 ಆಯಿತು. ರಾತ್ರಿ ಊಟ ಮುಗಿದ ಮೇಲೆ ನೂರಕ್ಕೆ 40 ಮಂದಿ ಒಟ್ಟಿಗೇ ವಿಡಿಯೊ ನೋಡುತ್ತಾರೆ ಅಂತಿಟ್ಟರೆ 240 ಮಂದಿ. ತಲಾ 2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ವೇಗದ ಅಳತೆ) ಅಂದರೆ ಹಾಸ್ಟೆಲ್‌ಗಳಿಗೇ 480 ಎಂಬಿಪಿಎಸ್ ಬೇಕು. ಈ ಅಂಕಿ ಕೈಯಲ್ಲಿದ್ದರೆ ಹಣಕಾಸು ಅಧಿಕಾರಿಗಳ ಮುಂದೆ ಮಾತಾಡುವುದು ಸುಲಭ. ಸುಮ್ನೆ "ನೆಟ್ ಸ್ಲೋ ಇದೆ ಸರ್" ಅಂದರೆ ಕಡತ ಮುಂದೆ ಹೋಗುವುದಿಲ್ಲ.

ಹೊರಗಿನ ಸಂಪರ್ಕಕ್ಕೆ ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್ (ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ಸರ್ಕಾರಿ ಜಾಲ) ಸಿಗುತ್ತದೆಯೇ ವಿಚಾರಿಸಿ. ಸಿಕ್ಕರೂ ಬೇರೊಂದು ಕಂಪನಿಯಿಂದ ಎರಡನೇ ಲೈನ್ ಇರಲಿ. ಎರಡೂ ಒಂದೇ ಗೇಟಿನಿಂದ, ಒಂದೇ ಕಂದಕದಲ್ಲಿ ಒಳಗೆ ಬಂದರೆ ಒಂದು ಜೆಸಿಬಿ ಎರಡನ್ನೂ ಕಿತ್ತು ಹಾಕುತ್ತದೆ. ಒಂದು ಮುಂದಿನ ಗೇಟಿನಿಂದ ಬಂದರೆ ಇನ್ನೊಂದು ಹಿಂದಿನಿಂದ ಬರಲಿ.

ಹಂತ 2: ಕಟ್ಟಡದಿಂದ ಕಟ್ಟಡಕ್ಕೆ ಫೈಬರ್

ಇಲ್ಲಿ ನಿಧಾನವಾಗಿ ಓದಿ, ಯಾಕೆಂದರೆ ನಮ್ಮ ನೆಲದ ಗುಣ ಬೇರೆ.

ತಾಮ್ರದ ಈಥರ್ನೆಟ್ ಕೇಬಲ್‌ನ ಮಿತಿ 100 ಮೀಟರ್. ಗೋಡೆಯೊಳಗೆ 90 ಮೀಟರ್, ಎರಡು ತುದಿಯಲ್ಲಿ ಸಾಧನಕ್ಕೆ ಸಿಕ್ಕಿಸುವ ಗಿಡ್ಡ ತಂತಿ, ಅಂದರೆ ಪ್ಯಾಚ್ ಕಾರ್ಡ್ ಸೇರಿ ಉಳಿದ 10. ಎರಡು ಕಟ್ಟಡಗಳ ನಡುವೆ 60 ಮೀಟರ್ ಅಂತರ ಇದ್ದರೂ ತಾಮ್ರ ಹಾಕಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದಲ್ಲಿ ಬಡಿದರೂ ಸಾಕು, ಹೊರಗೆ ಹಾದುಹೋದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ತುದಿಯ ಸ್ವಿಚ್‌ಗಳು ಸುಟ್ಟು ಹೋಗಬಹುದು. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಫೈಬರ್‌ನಲ್ಲಿ ಎರಡು ಬಗೆ: ದೂರಕ್ಕೆ ಸಿಂಗಲ್ ಮೋಡ್, ಹತ್ತಿರಕ್ಕೆ ಮಲ್ಟಿಮೋಡ್. ಸಿಂಗಲ್ ಮೋಡ್ ಫೈಬರನ್ನೇ ಹಾಕಿ. ಮಲ್ಟಿಮೋಡ್‌ನ ಓಎಂ3 ಬಗೆಯಲ್ಲಿ 10 ಗಿಗಾಬಿಟ್ ವೇಗ 300 ಮೀಟರ್‌ವರೆಗೆ ಮಾತ್ರ ಸಿಗುತ್ತದೆ. ಸಿಂಗಲ್ ಮೋಡ್‌ನಲ್ಲಿ ಕ್ಯಾಂಪಸ್ ಎಷ್ಟು ದೊಡ್ಡದಾದರೂ ಚಿಂತೆಯಿಲ್ಲ. ಈಗ ಎರಡು ಎಳೆ ಸಾಕಾದರೂ 12 ಅಥವಾ 24 ಎಳೆಯ ಕೇಬಲ್ ಕೊಳ್ಳಿ. ಕಂದಕ ತೋಡುವ ಖರ್ಚಿನ ಮುಂದೆ ಹೆಚ್ಚಿನ ಎಳೆಗಳ ಬೆಲೆ ಸಣ್ಣದು.

ರಾಯಚೂರು ಕಡೆ ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಎಳೆತ ವರ್ಷವರ್ಷವೂ ಕೇಬಲ್ ಮೇಲೆ ಬೀಳುತ್ತದೆ. ಆದ್ದರಿಂದ ಕೇಬಲನ್ನು ನೇರ ಮಣ್ಣಿನಲ್ಲಿ ಹೂಳಬೇಡಿ. ಕನಿಷ್ಠ 1 ಮೀಟರ್ ಆಳ ತೋಡಿ, ತಳಕ್ಕೆ ಮರಳು ಹಾಸಿ, ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನೊಳಗೆ ಕೇಬಲ್ ಎಳೆಯಿರಿ. ಪೈಪಿನ ಮೇಲೆ ಒಂದಡಿ ಮಣ್ಣು ಹಾಕಿ ಎಚ್ಚರಿಕೆಯ ಟೇಪ್ ಹಾಸಿ, ಆಮೇಲೆ ಕಂದಕ ಮುಚ್ಚಿಸಿ. ಪ್ರತಿ ತಿರುವಿನಲ್ಲಿ ಚೇಂಬರ್ ಕಟ್ಟಿಸಿ, ಒಳಗೆ ಹತ್ತು ಮೀಟರ್ ಕೇಬಲ್ ಸುತ್ತಿಡಿ. ಮುಂದೆ ಎಲ್ಲಾದರೂ ತುಂಡಾದರೆ ಜೋಡಿಸಲು ಆ ಸುತ್ತು ಬೇಕೇ ಬೇಕು.

ಬಳ್ಳಾರಿ, ಕೊಪ್ಪಳದ ಹಲವು ಕಡೆ ಇದಕ್ಕೆ ತದ್ವಿರುದ್ಧ. ಎರಡಡಿ ತೋಡುವಷ್ಟರಲ್ಲಿ ಬಂಡೆ ಸಿಗುತ್ತದೆ. ಅಂಥಲ್ಲಿ ಆಳಕ್ಕಾಗಿ ಒದ್ದಾಡದೆ ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಹಾಕಿ ಮೇಲೆ ಕಾಂಕ್ರೀಟ್ ಹೊದಿಸಿ. ಕಂಬದಿಂದ ಕಂಬಕ್ಕೆ ತೂಗುಹಾಕುವುದು ಅಗ್ಗವೆನಿಸುತ್ತದೆ, ಆದರೆ ಕೋತಿಗಳ ಕಾಟ ಇರುವ ಕ್ಯಾಂಪಸ್‌ನಲ್ಲಿ ಅದು ಬಾಳುವುದಿಲ್ಲ.

ಹೆಗ್ಗಣಕ್ಕಾಗಿ ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ ಒಳ್ಳೆಯದು. ಒಂದು ಮಾತು ನೆನಪಿರಲಿ: ಆ ಉಕ್ಕು ವಿದ್ಯುತ್ತನ್ನು ಒಯ್ಯುತ್ತದೆ. ಕೇಬಲ್ ಕಟ್ಟಡದೊಳಗೆ ಬರುವ ಜಾಗದಲ್ಲೇ ಕವಚವನ್ನು ಅರ್ತ್ ಮಾಡಬೇಕು. ಇದನ್ನು ಬಿಟ್ಟರೆ ಫೈಬರ್ ಹಾಕಿಯೂ ಸಿಡಿಲನ್ನು ಒಳಗೆ ಕರೆದಂತೆ.

ಎಲ್ಲ ಕಟ್ಟಡಗಳ ಫೈಬರ್ ನೇರವಾಗಿ ಜಾಲದ ನಡುವಿನ ಒಂದೇ ಮುಖ್ಯ ಸ್ವಿಚ್‌ಗೆ, ಅಂದರೆ ಕೋರ್ ಸ್ವಿಚ್‌ಗೆ ಬರಲಿ. ಗ್ರಂಥಾಲಯದಿಂದ ಹಾಸ್ಟೆಲ್‌ಗೆ, ಹಾಸ್ಟೆಲ್‌ನಿಂದ ಕ್ಯಾಂಟೀನ್‌ಗೆ ಸ್ವಿಚ್‌ಗೆ ಸ್ವಿಚ್ ಸಿಕ್ಕಿಸುತ್ತಾ ಹೋದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರ ಸ್ಥಿತಿ ಕೊನೆಯ ಕಟ್ಟಡಕ್ಕೆ ಬರುತ್ತದೆ. ಮೇಲೆ ಎಳೆದುಕೊಂಡು ಮಿಕ್ಕಿದ್ದು ಮಾತ್ರ ಕೆಳಗೆ. ಆಡಳಿತ ಭವನ, ಪರೀಕ್ಷಾ ವಿಭಾಗ ಮತ್ತು ಹಾಸ್ಟೆಲ್‌ಗಳಿಗೆ ಇನ್ನೊಂದು ದಾರಿಯಲ್ಲಿ ಎರಡನೇ ಫೈಬರ್ ಇದ್ದರೆ ಇನ್ನೂ ಒಳ್ಳೆಯದು.

ಹಂತ 3: ಬಿಸಿಲು, ದೂಳು, ಕರೆಂಟು

ನಮ್ಮ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಆಫೀಸ್ ದರ್ಜೆಯ ಸ್ವಿಚ್‌ಗಳ ಮಿತಿಯೂ 40ರಿಂದ 45 ಡಿಗ್ರಿ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಬಾಗಿಲು ಮುಚ್ಚಿದ ರ‍್ಯಾಕ್ ಒಳಗೆ ಉಷ್ಣತೆ ಇನ್ನೂ ಏರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ನೆಟ್ ಹೋಗಿ ಸಂಜೆ ತಾನೇ ಬರುತ್ತಿದ್ದರೆ ಮೊದಲು ರ‍್ಯಾಕ್ ಮುಟ್ಟಿ ನೋಡಿ. ಮೇಲಿನ ಮಹಡಿ ಮತ್ತು ಪಶ್ಚಿಮದ ಗೋಡೆ ಎರಡೂ ರ‍್ಯಾಕ್‌ಗೆ ಸಲ್ಲದ ಜಾಗ. ನೆಲಮಹಡಿಯಲ್ಲಿ, ಗಾಳಿ ಆಡುವ, ಬೀಗ ಹಾಕಬಹುದಾದ ಕೋಣೆ ಕೇಳಿ ಪಡೆಯಿರಿ. ಮಹಡಿ ಸ್ವಿಚ್‌ಗಳು ಆದಷ್ಟು ಫ್ಯಾನ್ ಇಲ್ಲದವು ಇರಲಿ, ದೂಳಿಗೆ ಮೊದಲು ಸಾಯುವುದು ಫ್ಯಾನೇ.

ಯುಪಿಎಸ್ ಲೆಕ್ಕ ಹೀಗೆ ಮಾಡಿ. ಒಂದು ಮಹಡಿಯಲ್ಲಿ 12 ವೈಫೈ ಆಕ್ಸೆಸ್ ಪಾಯಿಂಟ್ (ವೈಫೈ ಹೊರಡಿಸುವ ಪೆಟ್ಟಿಗೆ), ತಲಾ 15 ವ್ಯಾಟ್ ಅಂದರೆ 180. ಸ್ವಿಚ್ ತನಗೆ ತಿನ್ನುವುದು 40. ಒಟ್ಟು 220 ವ್ಯಾಟ್. ಎರಡು ಗಂಟೆ ನಡೆಯಬೇಕಾದರೆ 440 ವ್ಯಾಟ್-ಅವರ್. 12 ವೋಲ್ಟ್, 42 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಒಂದು ಕಾಗದದ ಮೇಲೆ 504 ವ್ಯಾಟ್-ಅವರ್ ಕೊಡುತ್ತದೆ. ನಷ್ಟ ಕಳೆದು, ಪೂರ್ತಿ ಖಾಲಿ ಮಾಡದೆ ಬಳಸಬೇಕು ಅಲ್ವಾ, ಹಾಗಾಗಿ ಎರಡು ಬೇಕು. ಸೀಸದ ಬ್ಯಾಟರಿಗೆ ಪ್ರತಿ 10 ಡಿಗ್ರಿ ಹೆಚ್ಚಿನ ಬಿಸಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ. ನೆರಳಿನ ಜಾಗ ಇಲ್ಲೂ ಮುಖ್ಯ.

ಪಿಓಇ ಸ್ವಿಚ್ (ಜಾಲದ ತಂತಿಯಲ್ಲೇ ಸಾಧನಕ್ಕೆ ವಿದ್ಯುತ್ತನ್ನೂ ಕೊಡುವುದು) ಕೊಳ್ಳುವಾಗ ಪೋರ್ಟ್ ಸಂಖ್ಯೆಯ ಜೊತೆ ಒಟ್ಟು ವ್ಯಾಟ್ ನೋಡಿ. 370 ವ್ಯಾಟ್‌ನ 24 ಪೋರ್ಟ್ ಸ್ವಿಚ್‌ಗೆ ತಲಾ 18 ವ್ಯಾಟ್ ಬೇಡುವ 24 ಸಾಧನ ಸಿಕ್ಕಿಸಿದರೆ 432 ಬೇಕಾಗುತ್ತದೆ. ಕೊನೆಯ ಕೆಲವು ಸಾಧನಗಳು ಹೊತ್ತಿಕೊಳ್ಳುವುದೇ ಇಲ್ಲ.

ಹಂತ 4: ಜಾಲವನ್ನು ಭಾಗ ಮಾಡಿ

ಇಡೀ ಕ್ಯಾಂಪಸ್ ಒಂದೇ 192.168.1 ಸರಣಿಯಲ್ಲಿ ನಡೆಯುತ್ತಿದ್ದರೆ ಹಾಸ್ಟೆಲ್‌ನ ವೈರಸ್ ಹಿಡಿದ ಲ್ಯಾಪ್‌ಟಾಪ್ ಮತ್ತು ಅಂಕಪಟ್ಟಿಯ ಸರ್ವರ್ ಒಂದೇ ಕೋಣೆಯಲ್ಲಿ ಕೂತಂತೆ. ವಿಲ್ಯಾನ್ ಮಾಡಿ, ಅಂದರೆ ಅದೇ ಸ್ವಿಚ್‌ಗಳ ಮೇಲೆ ಬೇರೆ ಬೇರೆ ಒಳಜಾಲ ಮಾಡಿ ಬೇರ್ಪಡಿಸಿ. ಒಳಗಿನ ಬಳಕೆಗೆ 10ರಿಂದ ಶುರುವಾಗುವ ವಿಳಾಸಗಳನ್ನು ತೆಗೆದುಕೊಳ್ಳಿ. ಎರಡನೇ ಅಂಕಿ ಕ್ಯಾಂಪಸ್‌ಗೆ, ಮೂರನೆಯದು ವಿಲ್ಯಾನ್‌ಗೆ. ಮುಖ್ಯ ಕ್ಯಾಂಪಸ್ 10.20 ಆದರೆ ದೂರದ ಪಿಜಿ ಸೆಂಟರ್ 10.30 ಆಗಲಿ. ಒಂದು ಮಾದರಿ:

10.20.5.0/24: ಸ್ವಿಚ್, ಆಕ್ಸೆಸ್ ಪಾಯಿಂಟ್‌ಗಳ ನಿರ್ವಹಣೆ
10.20.10.0/24: ಆಡಳಿತ, ಹಣಕಾಸು
10.20.15.0/24: ಪರೀಕ್ಷಾ ವಿಭಾಗ
10.20.20.0/23: ಅಧ್ಯಾಪಕರು
10.20.30.0/23: ಲ್ಯಾಬ್, ಗ್ರಂಥಾಲಯ
10.20.40.0/24: ಸಿಸಿಟಿವಿ, ಬಯೋಮೆಟ್ರಿಕ್ ಹಾಜರಿ ಯಂತ್ರ
10.20.50.0/24: ಹೊರಗಿನವರಿಗೆ ಕಾಣುವ ಸರ್ವರ್‌ಗಳು
10.20.64.0/22 ಮತ್ತು 10.20.68.0/22: ಎರಡು ಹಾಸ್ಟೆಲ್
10.20.80.0/23: ಅತಿಥಿಗಳು

ಓರೆಗೆರೆಯ ಮುಂದಿನ ಅಂಕಿ ಆ ಭಾಗದಲ್ಲಿ ಎಷ್ಟು ವಿಳಾಸ ಅನ್ನುವುದನ್ನು ಹೇಳುತ್ತದೆ: /24ರಲ್ಲಿ 254 ವಿಳಾಸ ಸಿಗುತ್ತವೆ, /22ರಲ್ಲಿ 1022. ಮುನ್ನೂರು ಮಂದಿಯ ಒಂದು ಹಾಸ್ಟೆಲ್‌ಗೆ ಅಷ್ಟು ಧಾರಾಳ. ವಿಳಾಸದ ಲೀಸ್ (ಒಂದು ಸಾಧನಕ್ಕೆ ಕೊಟ್ಟ ವಿಳಾಸದ ಅವಧಿ) ಹಾಸ್ಟೆಲ್‌ನಲ್ಲಿ ಎಂಟು ಗಂಟೆ ಇದ್ದರೆ ಸರಿ, ತರಗತಿ ಮತ್ತು ಅತಿಥಿ ಜಾಲದಲ್ಲಿ ಒಂದೆರಡು ಗಂಟೆ ಸಾಕು. ಅಂಕಿಗಳ ನಡುವೆ ಖಾಲಿ ಬಿಟ್ಟಿರುವುದು ಬೇಕಂತಲೇ. ನಾಳೆ ಮೂರನೇ ಹಾಸ್ಟೆಲ್ ಬಂದಾಗ ಯಾರನ್ನೂ ಎಬ್ಬಿಸದೆ ಜಾಗ ಕೊಡಬಹುದು.

ವಿಲ್ಯಾನ್‌ಗಳ ನಡುವೆ ಫೈರ್‌ವಾಲ್ ಇರಬೇಕು. ಇಲ್ಲದಿದ್ದರೆ ಕೋರ್ ಸ್ವಿಚ್ ಎಲ್ಲವನ್ನೂ ಎಲ್ಲದಕ್ಕೂ ತಲುಪಿಸುತ್ತದೆ, ಭಾಗ ಮಾಡಿದ್ದು ಹೆಸರಿಗಷ್ಟೇ ಆಗುತ್ತದೆ. ಮೊದಲು ಎಲ್ಲವನ್ನೂ ಮುಚ್ಚಿ, ಆಮೇಲೆ ಬೇಕಾದ್ದನ್ನು ಒಂದೊಂದೇ ತೆರೆಯಿರಿ. ಹಾಸ್ಟೆಲ್‌ನಿಂದ ಗ್ರಂಥಾಲಯದ ಸರ್ವರ್‌ಗೆ ದಾರಿ ಇರಲಿ, ಆಡಳಿತಕ್ಕೆ ಬೇಡ. ಕ್ಯಾಮೆರಾಗಳು ರೆಕಾರ್ಡರ್ ಜೊತೆ ಮಾತ್ರ ಮಾತಾಡಲಿ, ಇಂಟರ್‌ನೆಟ್ ಬೇಡವೇ ಬೇಡ. ಮೇಲ್ ಸರ್ವರ್ ಬಿಟ್ಟು ಬೇರೆ ಯಾವುದಕ್ಕೂ ಹೊರಕ್ಕೆ ಪೋರ್ಟ್ 25 (ಮೇಲ್ ಕಳಿಸುವ ದಾರಿಯ ಸಂಖ್ಯೆ) ತೆರೆದಿರಬಾರದು. ಪ್ರತಿ ನಿಯಮದ ಮುಂದೆ ಯಾರು ಕೇಳಿದರು, ಯಾವ ದಿನಾಂಕ, ಯಾವಾಗ ತೆಗೆಯಬೇಕು ಅಂತ ಟಿಪ್ಪಣಿ ಬರೆಯಿರಿ.

ಹಂತ 5: ಗೋಡೆಯ ಪೋರ್ಟ್ ಕಾಯುವುದು

ಹಾಸ್ಟೆಲ್‌ನಲ್ಲಿ ಮತ್ತೆ ಮತ್ತೆ ಆಗುವ ಸಂಗತಿ ಇದು. ಒಬ್ಬ ಹುಡುಗ ಮನೆಯಿಂದ ಹಳೆಯ ವೈಫೈ ರೂಟರ್ ತರುತ್ತಾನೆ. ಗೋಡೆಯಿಂದ ಬಂದ ಕೇಬಲನ್ನು ರೂಟರಿನ ವ್ಯಾನ್ (ಹೊರಗಿನ ಲೈನಿನ) ತೂತಿಗೆ ಹಾಕುವ ಬದಲು ಪಕ್ಕದ ಲ್ಯಾನ್ (ಒಳಜಾಲದ) ತೂತಿಗೆ ಹಾಕುತ್ತಾನೆ. ಆ ರೂಟರ್ ಈಗ ಇಡೀ ಬ್ಲಾಕ್‌ಗೆ ವಿಳಾಸ ಹಂಚಲು ಶುರು ಮಾಡುತ್ತದೆ. ಅಕ್ಕಪಕ್ಕದ ಕೋಣೆಗಳ ಫೋನ್‌ಗಳಿಗೆ 10.20.64 ಬರಬೇಕಾದಲ್ಲಿ 192.168.0 ಬರುತ್ತದೆ. ವೈಫೈ ಗುರುತು ತುಂಬಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಕೆಲವರಿಗೆ ಸರಿ ಇರುತ್ತದೆ, ಕೆಲವರಿಗೆ ಇಲ್ಲ. ವಾರ್ಡನ್‌ಗೆ ದೂರು ಹೋಗುತ್ತದೆ, ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ, ಅರ್ಧ ಗಂಟೆ ಕಳೆದು ಮತ್ತೆ ಅದೇ ಕಥೆ.

ಹುಡುಗನದು ದುರುದ್ದೇಶ ಅಲ್ಲ. ಸಾಧನಗಳಿಗೆ ತಾನೇ ವಿಳಾಸ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಅನ್ನುತ್ತಾರೆ. ತಡೆಯುವ ಉಪಾಯ ಸ್ವಿಚ್‌ನಲ್ಲೇ ಇದೆ, ಡಿಎಚ್‌ಸಿಪಿ ಸ್ನೂಪಿಂಗ್ ಅಂತ. ಕೋರ್ ಸ್ವಿಚ್ ಕಡೆಗೆ ಹೋಗುವ ಅಪ್‌ಲಿಂಕ್ ಪೋರ್ಟನ್ನು ಮಾತ್ರ ನಂಬಿಗಸ್ತ ಅಂತ ಗುರುತಿಸಿ. ಬೇರೆ ಪೋರ್ಟ್‌ನಿಂದ ವಿಳಾಸ ಹಂಚುವ ಉತ್ತರ ಬಂದರೆ ಸ್ವಿಚ್ ಅದನ್ನು ಅಲ್ಲೇ ಬಿಸಾಡುತ್ತದೆ. ಇದರ ಜೊತೆಗೆ ಬಿಪಿಡಿಯು ಗಾರ್ಡ್ ಹಾಕಿ. ಬಿಪಿಡಿಯು ಅಂದರೆ ಲೂಪ್ ತಪ್ಪಿಸಲು ಸ್ವಿಚ್‌ಗಳು ಕಳಿಸುವ ಸಂದೇಶ. ಯಾರಾದರೂ ಗೋಡೆಯ ಪೋರ್ಟ್‌ಗೆ ಆ ಸಂದೇಶ ಕಳಿಸುವ ಇನ್ನೊಂದು ಸ್ವಿಚ್ ಸಿಕ್ಕಿಸಿದರೆ, ಅಥವಾ ಒಂದೇ ಪ್ಯಾಚ್ ಕಾರ್ಡ್‌ನ ಎರಡೂ ತುದಿ ಎರಡು ಪೋರ್ಟ್‌ಗೆ ಹಾಕಿ ಲೂಪ್ ಮಾಡಿದರೆ, ಆ ಪೋರ್ಟ್ ಮುಚ್ಚಿಕೊಳ್ಳುತ್ತದೆ. ಪೋರ್ಟ್ ಸೆಕ್ಯುರಿಟಿಯಲ್ಲಿ ಒಂದು ಪೋರ್ಟ್‌ಗೆ ಎರಡು ಮ್ಯಾಕ್ ವಿಳಾಸ (ಪ್ರತಿ ಸಾಧನದ ಜಾಲದ ಗುರುತು ಸಂಖ್ಯೆ) ಅಂತ ಮಿತಿ ಇಡಿ. ಬಳಸದ ಪೋರ್ಟ್‌ಗಳನ್ನು ಬಂದ್ ಮಾಡಿ, ಎಲ್ಲೂ ಹೋಗದ ಒಂದು ವಿಲ್ಯಾನ್‌ಗೆ ಸೇರಿಸಿಡಿ. ಹೀಗೆ ನಿಯಮ ಹಾಕಿ ನಡೆಸಬಹುದಾದ ಮ್ಯಾನೇಜ್ಡ್ ಸ್ವಿಚ್ ಬೇಕು ಅಂತ ನಾನು ಹಟ ಹಿಡಿಯುವುದು ಈ ಕಾರಣಕ್ಕೆ. ಅಂಗಡಿಯ ಅಗ್ಗದ ಅನ್‌ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಇವು ಸಿಗುವುದಿಲ್ಲ.

ಹಂತ 6: ವೈಫೈ

ಕಾರಿಡಾರ್‌ನಲ್ಲಿ ಸಾಲಾಗಿ ಆಕ್ಸೆಸ್ ಪಾಯಿಂಟ್ ಹಾಕುವುದು ಎಲ್ಲರ ರೂಢಿ. ಅಲ್ಲಿ ಅವು ಒಂದನ್ನೊಂದು ಚೆನ್ನಾಗಿ ಕೇಳಿಸಿಕೊಂಡು ಅಡ್ಡಿ ಮಾಡುತ್ತವೆ, ದಪ್ಪ ಗೋಡೆಯ ಆಚೆ ಕೋಣೆಗೆ ಮಾತ್ರ ಸರಿಯಾಗಿ ತಲುಪುವುದಿಲ್ಲ. ಹಾಸ್ಟೆಲ್‌ನಲ್ಲಿ ಮೂರ್ನಾಲ್ಕು ಕೋಣೆಗೆ ಒಂದರಂತೆ ಕೋಣೆಯೊಳಗೇ ಹಾಕಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರೇ ಚಾನೆಲ್ ಬಳಸಿ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ 20 ಅಥವಾ 40 ಮೆಗಾಹರ್ಟ್ಸ್ ಇರಲಿ, 80 ಬೇಡ. ಶಕ್ತಿ ಕಡಿಮೆ ಮಾಡಿದರೆ ವೇಗ ಹೆಚ್ಚುವುದು ಜನಕ್ಕೆ ವಿಚಿತ್ರ ಅನಿಸಬಹುದು, ದಟ್ಟವಾಗಿ ಹಾಕಿದ ಕಡೆ ಅದೇ ನಿಜ.

ನೋಟಿಸ್ ಬೋರ್ಡ್‌ಗೆ ಒಂದೇ ವೈಫೈ ಪಾಸ್‌ವರ್ಡ್ ಅಂಟಿಸುವ ಪದ್ಧತಿ ನಿಲ್ಲಲಿ. ಪ್ರತಿಯೊಬ್ಬರಿಗೂ ಅವರದೇ ಖಾತೆ ಕೊಡುವ ಡಬ್ಲ್ಯೂಪಿಎ ಎಂಟರ್‌ಪ್ರೈಸ್ ವಿಧಾನ ಹಾಕಿ. ಹಿಂದೆ ಖಾತೆ, ಪಾಸ್‌ವರ್ಡ್ ಪರೀಕ್ಷಿಸುವ ಒಂದು ರೇಡಿಯಸ್ ಸರ್ವರ್ ಬೇಕು. ಫ್ರೀರೇಡಿಯಸ್ ಉಚಿತ, ಚೆನ್ನಾಗಿ ಪಳಗಿದ ತಂತ್ರಾಂಶ. ವಿದ್ಯಾರ್ಥಿ ಟಿಸಿ ತೆಗೆದುಕೊಂಡ ದಿನವೇ ಖಾತೆ ಮುಚ್ಚಬಹುದು. ಯಾವ ಸಾಧನ ಯಾರದು ಅನ್ನುವುದೂ ತಿಳಿಯುತ್ತದೆ. ಫೋನ್‌ಗಳಲ್ಲಿ ಸರ್ವರ್ ಪ್ರಮಾಣಪತ್ರ ಪರೀಕ್ಷಿಸುವ ಆಯ್ಕೆ ಆನ್ ಇರಲೇಬೇಕು. ಅದು ಆಫ್ ಇದ್ದರೆ ಅದೇ ಹೆಸರಿನ ನಕಲಿ ವೈಫೈ ಇಟ್ಟವರ ಕೈಗೆ ಪಾಸ್‌ವರ್ಡ್ ಹೋಗುತ್ತದೆ. ರೇಡಿಯಸ್ ಒಮ್ಮೆ ಸರಿಯಾಗಿ ನಡೆಯತೊಡಗಿದ ಮೇಲೆ ಎಡುರೋಮ್ (ಶಿಕ್ಷಣ ಸಂಸ್ಥೆಗಳು ಪರಸ್ಪರ ವೈಫೈ ಹಂಚಿಕೊಳ್ಳುವ ವ್ಯವಸ್ಥೆ) ಸೇರಿಕೊಳ್ಳಿ. ಭಾರತದಲ್ಲಿ ಅದನ್ನು ನೋಡಿಕೊಳ್ಳುವುದು ಅರ್ನೆಟ್ ಇಂಡಿಯಾ, ಎಸಿ ಡಾಟ್ ಇನ್ ಡೊಮೇನ್ ಕೊಡುವ ಸಂಸ್ಥೆಯೇ. ನಮ್ಮ ಸಂಶೋಧನಾ ವಿದ್ಯಾರ್ಥಿ ಎಡುರೋಮ್ ಇರುವ ಬೇರೆ ವಿವಿಗೆ ಹೋದರೂ ಇಲ್ಲಿನ ಖಾತೆಯಲ್ಲೇ ಅಲ್ಲಿ ನೆಟ್ ಸಿಗುತ್ತದೆ.

ಹಂತ 7: ಹೊರಗಿನ ಬಾಗಿಲುಗಳು

ಶುಲ್ಕ ಅಥವಾ ಲೆಕ್ಕದ ತಂತ್ರಾಂಶ ಕೊಟ್ಟವರು ದೂರದಿಂದ ರಿಪೇರಿ ಮಾಡಲು ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದುಕೊಡಿ ಅಂತ ಕೇಳುತ್ತಾರೆ. ಕೊಡಬೇಡಿ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಗುಂಪುಗಳು ಒಳಗೆ ನುಗ್ಗುವ ಹಳೆಯ ದಾರಿ ಅದು. ವಿಪಿಎನ್ (ಹೊರಗಿನಿಂದ ಒಳಗೆ ಬರುವ ಗುಪ್ತ ದಾರಿ) ಕೊಡಿ, ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಎರಡನೇ ಪರೀಕ್ಷೆ ಇರಲಿ, ಕೆಲಸ ಮುಗಿದ ಮೇಲೆ ಖಾತೆ ಮುಚ್ಚಿ. ಸ್ವಿಚ್‌ಗಳನ್ನು ದೂರದಿಂದ ನಿರ್ವಹಿಸಲು ಪಾಸ್‌ವರ್ಡನ್ನು ಬಯಲಾಗಿ ಕಳಿಸುವ ಟೆಲ್ನೆಟ್ ನಿಲ್ಲಿಸಿ, ಗುಪ್ತವಾಗಿ ಕಳಿಸುವ ಎಸ್‌ಎಸ್‌ಎಚ್ ಬಳಸಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಕ್ಯಾಮೆರಾ, ಬಯೋಮೆಟ್ರಿಕ್ ಯಂತ್ರ, ಪ್ರಿಂಟರ್ ಸೇರಿದಂತೆ ಎಲ್ಲೂ ಉಳಿಯಬಾರದು.

ಕುಲಸಚಿವರ ಹೆಸರಿನಲ್ಲಿ ನಕಲಿ ಮೇಲ್ ಬರುವುದನ್ನು ಕಡಿಮೆ ಮಾಡಲು ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ಅಸಲಿಯೇ ಅಂತ ಪಡೆಯುವವರು ಪರೀಕ್ಷಿಸಲು ನೆರವಾಗುವ ದಾಖಲೆಗಳು) ಮೂರನ್ನೂ ಬರೆಸಿ. ಫಲಿತಾಂಶದ ದಿನ ಜಾಲತಾಣಕ್ಕೆ ಜನ ಮುಗಿಬೀಳುತ್ತಾರೆ, ಅದು ಕ್ಯಾಂಪಸ್ ಲೈನ್ ಮೇಲೆ ಬೀಳದಂತೆ ಹೊರಗಿನ ಸರ್ವರ್‌ನಲ್ಲಿ ಇರಲಿ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಕಂಪ್ಯೂಟರ್‌ಗೆ ಯಾವ ಕೇಬಲೂ ಬೇಡ, ವೈಫೈಯೂ ಬೇಡ. ಅದಕ್ಕೆಂದೇ ಮೀಸಲಾದ ಪೆನ್‌ಡ್ರೈವ್, ಅದಕ್ಕೊಂದು ರಿಜಿಸ್ಟರ್, ಬೀಗ ಇರುವ ಕೋಣೆ, ಅಷ್ಟೇ.

ಬ್ಯಾಕಪ್ ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಕ್ಯಾಂಪಸ್‌ನಿಂದ ಹೊರಗೆ. ಅವುಗಳಲ್ಲಿ ಒಂದಾದರೂ ಜಾಲದಿಂದ ಕಿತ್ತು ಇಟ್ಟಿರಬೇಕು. ಮೂರು ತಿಂಗಳಿಗೊಮ್ಮೆ ಒಂದು ಕಡತ ವಾಪಸ್ ತೆಗೆದು ತೆರೆಯುತ್ತದೆಯೇ ನೋಡಿ. ತೆರೆಯದ ಬ್ಯಾಕಪ್ ಇದ್ದರೂ ಇಲ್ಲದಂತೆಯೇ. ವಿದ್ಯಾರ್ಥಿಗಳ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲ ಅದರೊಳಗೆ ಇರುತ್ತವೆ, ಹಾಗಾಗಿ ಎನ್‌ಕ್ರಿಪ್ಟ್ ಮಾಡಿಯೇ (ಕೀಲಿ ಇಲ್ಲದೆ ಓದಲಾಗದಂತೆ) ಇಡಿ.

ಹಂತ 8: ದಾಖಲೆ, ಕಾನೂನು, ಅವಘಡ

ಸೈಬರ್ ಸುರಕ್ಷತೆ ನೋಡಿಕೊಳ್ಳುವ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಮೂರು ಮಾತು ನೆನಪಿಡಿ. ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಲಾಗ್‌ಗಳನ್ನು (ಸಾಧನಗಳು ತಾವೇ ಬರೆದಿಡುವ ದಾಖಲೆ) 180 ದಿನ ದೇಶದೊಳಗೇ ಇಡಬೇಕು. ಎಲ್ಲ ಸಾಧನಗಳ ಗಡಿಯಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು. ಗಡಿಯಾರದ ಮಾತನ್ನು ಸಣ್ಣದು ಅನ್ನಬೇಡಿ. ಫೈರ್‌ವಾಲ್ 10.05 ಅಂದು, ಸರ್ವರ್ 9.40 ಅಂದರೆ ಯಾವುದು ಮೊದಲು ಆಯಿತು ಅಂತ ಪೊಲೀಸರಿಗೂ ಹೇಳಲಾಗುವುದಿಲ್ಲ. ಹೊರಗಿನ ಒಂದೇ ವಿಳಾಸದ ಹಿಂದೆ ಸಾವಿರ ಮಂದಿ ಇರುವುದರಿಂದ ಯಾವ ಹೊತ್ತಿಗೆ ಯಾವ ಒಳಗಿನ ವಿಳಾಸ ಹೊರಗೆ ಹೋಯಿತು ಅಂತ ಹೇಳುವ ನ್ಯಾಟ್ ಲಾಗ್ ಕೂಡ ಉಳಿಸಿ.

ಕಂಪ್ಯೂಟರ್ ಪರದೆಯ ಮೇಲೆ ಹಣ ಕೇಳುವ ಸಂದೇಶ ಕಂಡರೆ ಸಿಬ್ಬಂದಿ ಮಾಡಬೇಕಾದ್ದು: ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ. ವಿದ್ಯುತ್ ಆಫ್ ಮಾಡಬೇಡಿ. ಪರದೆಯ ಫೋಟೊ ತೆಗೆಯಿರಿ. ಐಟಿ ವಿಭಾಗಕ್ಕೆ ಫೋನ್ ಮಾಡಿ. ಫಾರ್ಮ್ಯಾಟ್ ಮಾಡಿಸಬೇಡಿ. ಈ ಐದು ಸಾಲನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಮೇಜಿಗೂ ಅಂಟಿಸಿ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 9: ಟೆಂಡರ್ ಮತ್ತು ವರ್ಷದ ಕೆಲಸ

ಟೆಂಡರ್‌ನಲ್ಲಿ ಬ್ರ್ಯಾಂಡ್ ಹೆಸರಿಗಿಂತ ಗುಣ ಬರೆಯಿರಿ: ಡಿಎಚ್‌ಸಿಪಿ ಸ್ನೂಪಿಂಗ್, 802.1ಎಕ್ಸ್ (ಖಾತೆ ಪರೀಕ್ಷಿಸಿ ಜಾಲಕ್ಕೆ ಬಿಡುವ ವಿಧಾನ), ಒಟ್ಟು ಪಿಓಇ ವ್ಯಾಟ್, 45 ಡಿಗ್ರಿ ತಡೆಯುವ ಶಕ್ತಿ. ಫೈರ್‌ವಾಲ್‌ನ ಪರವಾನಗಿ ಐದು ವರ್ಷಕ್ಕೆ ಒಟ್ಟಿಗೇ ಕೊಳ್ಳಿ. ಒಂದು ವರ್ಷದ ಪರವಾನಗಿ ಮುಗಿದು, ನವೀಕರಣದ ಕಡತ ಮೇಜಿನಿಂದ ಮೇಜಿಗೆ ಸುತ್ತುವಾಗ ಆ ಪೆಟ್ಟಿಗೆ ಹೊಸ ಅಪಾಯಗಳನ್ನು ಗುರುತಿಸುವುದು ನಿಲ್ಲಿಸಿರುತ್ತದೆ. ಫೈಬರ್‌ನ ಪ್ರತಿ ಎಳೆಯ ಓಟಿಡಿಆರ್ ಪರೀಕ್ಷೆಯ (ಬೆಳಕು ಹಾಯಿಸಿ ದೋಷ ಎಲ್ಲಿದೆ ಅಂತ ನೋಡುವುದು) ವರದಿ ಮತ್ತು ಹಾಕಿದ ಹಾಗೆಯೇ ಬರೆದ ನಕ್ಷೆ ಕೈಗೆ ಬಂದ ಮೇಲೆ ಮಾತ್ರ ಕೊನೆಯ ಬಿಲ್ ಪಾಸ್ ಆಗಲಿ ಅಂತ ಷರತ್ತು ಹಾಕಿ. ಬಿಲ್ ಪಾಸಾದ ಮೇಲೆ ನಕ್ಷೆ ತರಿಸುವುದು ಬಹಳ ಕಷ್ಟ.

ಜಾಲ ನೋಡಿಕೊಳ್ಳುವವರು ಹೊರಗುತ್ತಿಗೆಯವರೇ ಆಗಿರುವುದು ನಮ್ಮ ಕಡೆ ಸಾಮಾನ್ಯ. ಅವರ ಕೆಲಸಕ್ಕೆ ಗೌರವ ಕೊಡಿ, ಆದರೆ ಎಲ್ಲ ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಪ್ರತಿಯೊಬ್ಬರಿಗೂ ಬೇರೆ ಖಾತೆ ಇರಲಿ. ಮುಖ್ಯ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ ಕುಲಸಚಿವರ ತಿಜೋರಿಯಲ್ಲಿರಲಿ, ತೆರೆದಾಗಲೆಲ್ಲ ಬದಲಾಯಿಸಿ.

ವರ್ಷದ ಕೆಲಸ ಹೀಗೆ ಹಂಚಿಕೊಳ್ಳಿ. ಫೆಬ್ರವರಿಯಲ್ಲಿ ರ‍್ಯಾಕ್‌ಗಳ ದೂಳು ತೆಗೆದು ಬ್ಯಾಟರಿ ಪರೀಕ್ಷಿಸಿ. ಮಾರ್ಚ್ ಮುಗಿಯುವುದರೊಳಗೆ ಅರ್ತ್ ಅಳೆಸಿ, ಗುಂಡಿಗೆ ನೀರು ಹಾಕಿಸಿ, ಯಾಕೆಂದರೆ ಒಣಗಿದ ನೆಲದಲ್ಲಿ ಅರ್ತ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಸ್ಟೆಲ್ ಖಾಲಿ ಇರುವ ರಜೆಯಲ್ಲಿ ಸ್ವಿಚ್‌ಗಳ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಹೊಸದು ಮಾಡಿ. ಹೊಸ ಪ್ರವೇಶಾತಿ ಶುರುವಾಗುವ ವಾರ ಬಿಟ್ಟುಹೋದವರ ಖಾತೆಗಳನ್ನು ಅಳಿಸಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಫೈರ್‌ವಾಲ್ ನಿಯಮಗಳ ಪಟ್ಟಿ ಮುದ್ರಿಸಿ, ದಿನಾಂಕ ಮೀರಿದವನ್ನೆಲ್ಲ ತೆಗೆದುಹಾಕಿ, ಫಲಿತಾಂಶ ಬರುವವರೆಗೆ ಬೇರೆ ಯಾವುದನ್ನೂ ಮುಟ್ಟಬೇಡಿ.